ಮಡ್ಡಿ ಮ್ಯಾಲ ಗುಂಡಿ ತೋಡೂಕಿಂತ ಮೊದ್ಲ ಬ್ರೆಜಿಲ್ ಕಡೆ ಒಮ್ಮೆ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

2025ರ ನವೆಂಬರ್‌ದಾಗ ಬ್ರೆಜಿಲ್‌ನ ಬೆಲೆಮ್ ಊರಾಗ ವಿಶ್ವಸಂಸ್ಥೆ ಹವಾಮಾನ ಸಮ್ಮೇಳನ ನಡೀತಲ್ಲ, ಅವಾಗಿಂದ ಪೇಪರ್‌ದಾಗ ಟೀವ್ಯಾಗ ಮೊಬೈಲ್‌ದಾಗ ಎಲ್ಲಿ ನೋಡಿದ್ರೂ ಅಮೆಜಾನ್, ಅಮೆಜಾನ್. ಬರೀಬೇಕು, ಬ್ಯಾಡ ಅನ್ನಾಂಗಿಲ್ಲ. ಆದ್ರ ನಾ ಸಿಂದಗಿ ತಾಲೂಕಿನ ಒಂದ್ ಹಳ್ಳ್ಯಾಗ ಹೈಸ್ಕೂಲ್ ಹುಡುಗ್ರಿಗೆ ಸಮಾಜ ವಿಜ್ಞಾನ ಕಲಸೂ ಮಾಸ್ತರ. ನಮ್ಮ ಹುಡುಗ್ರಿಗೆ ಬ್ರೆಜಿಲ್‌ದಾಗ ಏನೈತಪಾ ಅಂತ ಕೇಳಿದ್ರ ಎಲ್ಲಾರದೂ ಒಂದ ಉತ್ತರ, ಮಳಿಕಾಡು. ಕಾಡು ಹೆಂಗಿರ್ತೈತಿ ಅಂದ್ರ ಎತ್ತರ ಗಿಡ, ಕತ್ತಲಿ, ಬಳ್ಳಿ, ಮಂಗ್ಯಾ. ಮತ್ತ ನಮ್ಮ ಊರಾಗ ಕಾಡೈತೇನು ಅಂದ್ರ, ಇಲ್ರೀ ಸರ್ ನಮ್ಮಲ್ಲೆ ಬರೀ ಮಡ್ಡಿ ಐತ್ರಿ ಅಂತಾರ. ಈ ಮೂರೂ ಉತ್ತರ ಒಂದಕ್ಕೊಂದು ಗಂಟ ಬಿದ್ದಾವು, ದೊಡ್ಡವರ ತಲ್ಯಾಗೂ ಇದ ಗಂಟ ಐತಿ, ಹಿಂಗಾಗಿ ಹುಲ್ಲು ಮುಳ್ಳಗಂಟಿ ಇರೂ ನಮ್ಮ ಗರಸು ಮಡ್ಡೀನ ಪಾಳು ಅಂತ ತಿಳದು, ಕಾಡು ಮಾಡ್ತೀವಂತ ಅಲ್ಲಿ ಗುಂಡಿ ತೋಡಿ ಸಸಿ ಹಚ್ಚತಾರ, ಅದಕ್ಕ ಈ ಪತ್ರ ಬರಿಯಾಕತ್ತೀನಿ. ಉದ್ದ ಆಗ್ತೈತಿ, ಜಾಗಾ ಸಾಲಲಿಲ್ಲಂದ್ರ ಎರಡ್ ದಿನ ಮಾಡಿ ಹಾಕ್ರಿ, ಕತ್ತರಿಸಬ್ಯಾಡ್ರಿ.

ಬ್ರೆಜಿಲ್ ಸುಮಾರು 85 ಲಕ್ಷ ಚದರ ಕಿಲೋಮೀಟರ್ ದೇಶ. ಅದರಾಗ ಅಮೆಜಾನ್ ಭಾಗ 42 ಲಕ್ಷ, ಹೆಚ್ಚುಕಮ್ಮಿ ಅರ್ಧ. ಉಳದ ಅರ್ಧ ಎಲ್ಲಿ ಹೋತು ಅಂತ ಯಾರೂ ಕೇಳಂಗಿಲ್ಲ. ಅಲ್ಲಿ ಸರ್ಕಾರದ ಭೂಗೋಳ ಮತ್ತ ಅಂಕಿಅಂಶದ ಸಂಸ್ಥೆ ಐಬಿಜಿಇ ಇಡೀ ದೇಶಾನ ಆರ್ ಜೀವವಲಯ ಮಾಡಿ 2004ರಾಗ ನಕಾಶಿ ತಗದೈತಿ: ಅಮೆಜಾನ್, ಸೆರಾಡೊ, ಕಾಟಿಂಗಾ, ಅಟ್ಲಾಂಟಿಕ್ ಕಾಡು, ಪಂಟನಾಲ್, ಪಂಪಾ. ಇವುದರಾಗ ಎರಡ, ಸೆರಾಡೊ ಮತ್ತ ಕಾಟಿಂಗಾ, ನಮ್ಮ ವಿಜಯಪುರ ಬಾಗಲಕೋಟಿ ಮಂದಿ ಚಂದಂಗ ತಿಳ್ಕೊಬೇಕಾದಂಥವು. ಆದ್ರ ಮೊದ್ಲ ಅಮೆಜಾನ್ ಬಗ್ಗೇನ ಒಂದೆರಡ್ ಮಾತು ಹೇಳಿ ಬಿಡ್ತೀನಿ, ಯಾಕಂದ್ರ ಅಮೆಜಾನ್ ಒಳಗೂ ಒಂದ ನಮೂನಿ ಕಾಡಿಲ್ಲ.

ಹೊಳಿ ನೀರು ಎಂದೂ ಏರಲಾರದ ಎತ್ತರ ಜಾಗಾಕ್ಕ ಅವರು ತೆರಾ ಫಿರ್ಮೆ ಅಂತಾರ, ಅಮೆಜಾನ್ ಕಾಡು ಬಹಳಷ್ಟು ಇದ. ಬ್ರೆಜಿಲ್ ನಟ್ ಕಾಯಿ ಬಿಡೂ ಗಿಡ ಇಲ್ಲೇ ಬೆಳಿತೈತಿ, 50 ಮೀಟರ್ ಎತ್ತರಕ್ಕೂ ಹೋಗ್ತೈತಿ. ಇಂಥಾ ದೈತ್ಯ ಗಿಡ ಅದಾವಂದ ಮ್ಯಾಲ ಮಣ್ಣು ಎಷ್ಟ ಫಲವತ್ತ ಇರಬೇಕು ಅಂತ ಯಾರಿಗರೆ ಅನಸ್ತೈತಿ, ಖರೆ ಹೇಳಬೇಕಂದ್ರ ಅಲ್ಲಿ ಮಣ್ಣು ಭಾಳ ಬಡವ. ಬಿದ್ದ ಎಲಿ ಕೊಳತು ಅದರ ಸತ್ವ ಮಣ್ಣಾಗ ಇಳಿಯೂದ್ರಾಗ ಬೇರು ಮತ್ತ ಅಣಬಿ ಕೂಡಿ ಅದನ್ನ ಮ್ಯಾಲೇ ಹೀರಿ ಗಿಡಕ್ಕ ವಾಪಸ್ ಕೊಡ್ತಾವು, ಹಿಂಗಾಗಿ ಅಲ್ಲಿ ಸಂಪತ್ತೆಲ್ಲಾ ಗಿಡದಾಗ ಐತಿ, ನೆಲದಾಗಿಲ್ಲ. ಕಾಡು ಕಡದು ಸುಟ್ರ ಒಂದೆರಡ್ ಬೆಳಿ ಬರ್ತಾವು, ಆಮ್ಯಾಲ ಮಳಿಗೆ ಎಲ್ಲಾ ತೊಳದು ಹೋಗ್ತೈತಿ. ಹೊಳಿ ದಂಡಿ ಕಾಡಿನ ಕತಿ ಬ್ಯಾರೆ. ಮನೌಸ್ ಊರ ಕಡೆ ವರ್ಷಾ ನೀರು ಹತ್ತ್ ಮೀಟರ್ ಹತ್ರ ಏರ್ತೈತಿ, ತಿಂಗಳಾನಗಟ್ಟಲೆ ಗಿಡ ನೀರಾಗ ನಿಂತಿರ್ತಾವು. ಆಂಡೀಸ್ ಗುಡ್ಡದಿಂದ ಮೆಕ್ಕಲು ಹೊತ್ತ ತರೂ ಕೆಂದನ ನೀರು ಏರೂ ಕಾಡಿಗೆ ವಾರ್ಜಿಯಾ ಅಂತಾರ, ಅಲ್ಲಿ ಮಣ್ಣು ಸುಪೀಕ, ಮಂದಿ ಒಕ್ಕಲುತನ ಮಾಡ್ತಾರ. ರಿಯೊ ನೆಗ್ರೊ ಹೊಳೀದು ಚಾ ಡಿಕಾಕ್ಷನ್ ಬಣ್ಣದ ನೀರು, ಅದರಾಗ ಮೆಕ್ಕಲಿಲ್ಲ, ಆ ನೀರು ಏರೂ ಕಾಡು ಇಗಾಪೊ, ಬಡ ಕಾಡು. ಇನ್ನ ಬಿಳಿ ಉಸುಕಿನ ಮ್ಯಾಲ ಕುಳ್ಳ ಕುಳ್ಳ ಸಣಕಲ ಗಿಡ ಇರೂ ಜಾಗಾ ಅದಾವು, ಉತ್ತರಕ್ಕ ರೊರೈಮಾ ರಾಜ್ಯದಾಗ ಲಾವ್ರಾಡೊ ಅಂತ ಬಯಲು ಹುಲ್ಲಗಾವಲಾನ ಐತಿ, ಅಮೆಜಾನ್ ವಲಯದೊಳಗ! ಮಳಿ ಎಷ್ಟ, ಮಣ್ಣು ಯಾವುದು, ನೀರು ಎಷ್ಟ್ ದಿನ ನಿಲ್ತೈತಿ, ಬೆಂಕಿ ಬರ್ತೈತೋ ಇಲ್ಲೋ, ಇದನ್ನೆಲ್ಲಾ ನೋಡಿ ನೆಲಾನ ತನಗ ಏನ್ ಬೇಕೋ ಅದನ್ನ ಬೆಳಸ್ಕೊಂಡೈತಿ.

ಈಗ ಸೆರಾಡೊಕ್ಕ ಬರೂಣು. ದೇಶದ ನಟ್ಟನಡುವ 20 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಹತ್ತ್ ಪಟ್ಟು. ಹುಲ್ಲು, ನಡಕ ನಡಕ ಸೊಟ್ಟ ಸೊಟ್ಟ ಕುಳ್ಳ ಗಿಡ, ದಪ್ಪ ತೊಗಟಿ, ಮ್ಯಾಲ ಮ್ಯಾಲ ನೋಡಿದ್ರ ಇದೇನು ಕಾಡು ಅನಸ್ತೈತಿ. ಆದ್ರ ಅಲ್ಲಿ ಸುಮಾರು 12 ಸಾವಿರ ಜಾತಿ ಗಿಡ ಗಂಟಿ ಹುಲ್ಲು ಅದಾವು. ಐದ್ ತಿಂಗಳ ಮಳಿ ಇಲ್ಲದ ಹಂಗಾಮು ತಡ್ಕೊಳ್ಳಾಕ ಅವು ನೆಲದಾಗ ಹತ್ತ್ ಮೀಟರ್‌ಗಿಂತ ಆಳ ಬೇರು ಬಿಟ್ಟಾವು, ಅಲ್ಲಿ ಮಂದಿ ಇದನ್ನ ತಲಿಕೆಳಗ ನಿಂತ ಕಾಡು ಅಂತಾನ ಕರೀತಾರ, ಮ್ಯಾಲ ಕಾಣೂದು ಸ್ವಲ್ಪ, ನೆಲದ ಒಳಗ ಭಾಳ. ಆ ಬೇರಿನ ಗುಂಟ ಮಳಿ ನೀರು ಒಳಗ ಇಳದು ಇಳದು ದೊಡ್ಡ ದೊಡ್ಡ ಹೊಳಿ ಹುಟ್ಟತಾವು. ಸಾವ್ ಫ್ರಾನ್ಸಿಸ್ಕೊ ಹೊಳಿ ಇಲ್ಲೇ ಹುಟ್ಟೂದು, ಟೊಕಾಂಟಿನ್ಸ್ ಇಲ್ಲೇ, ಪರಾನಾ ಹೊಳಿಗೂ ಇಲ್ಲಿಂದ ನೀರು. ಒಂದ್ ಹುಲ್ಲಿನ ಬಯಲು ಅರ್ಧ ದೇಶಕ್ಕ ನೀರು ಕುಡಸ್ತೈತಿ ಅನ್ನೂದನ್ನ ನಮ್ಮ ಅಧಿಕಾರಿಗೋಳು ಒಮ್ಮೆ ಕೂತು ವಿಚಾರ ಮಾಡಬೇಕು.

ಇಂಥಾ ನೆಲಕ್ಕ ಏನಾತು ಕೇಳ್ರಿ. ಮಣ್ಣು ಹುಳಿ, ಅಲ್ಯೂಮಿನಿಯಂ ಜಾಸ್ತಿ, ಬೆಳಿ ಬರಂಗಿಲ್ಲ ಅಂತ ಮೊದ್ಲ ಎಲ್ಲಾರೂ ಬಿಟ್ಟಿದ್ರು. 1973ರಾಗ ಎಂಬ್ರಾಪಾ ಅಂತ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಆತು, ಸುಣ್ಣ ಹಾಕಿ ಹುಳಿ ಕಮ್ಮಿ ಮಾಡಿ, ರಂಜಕದ ಗೊಬ್ಬರ ಕೊಟ್ಟು, ಬಿಸಲ ನಾಡಿಗೆ ಹೊಂದೂ ಸೋಯಾಬೀನ್ ತಳಿ ತಗದ್ರು. ಬೆಳಿ ಬಂತು, ದೇಶ ಶ್ರೀಮಂತ ಆತು, ಅದು ಸಣ್ಣ ಸಾಧನೆ ಅಲ್ಲ, ನಾ ಒಕ್ಕಲಗ್ಯಾನ ಮಗ, ಹಂಗ ಅನ್ನಾಂಗಿಲ್ಲ. ಆದ್ರ ಇವತ್ತ ಸೆರಾಡೊದ ಮೂಲ ಹುಲ್ಲು ಗಿಡದಾಗ ಹತ್ರಹತ್ರ ಅರ್ಧ ಹೋಗೈತಿ. ಅದಕ್ಕ ಕಾಯ್ದೆನೂ ಬೆನ್ನಿಗೆ ನಿಂತೈತಿ ಅನ್ನಬೇಕು. 1988ರ ಬ್ರೆಜಿಲ್ ಸಂವಿಧಾನದ 225ನೇ ಕಲಂ ಅಮೆಜಾನ್, ಅಟ್ಲಾಂಟಿಕ್ ಕಾಡು, ಪಂಟನಾಲ್, ಸಮುದ್ರ ದಂಡಿ, ಇವೆಲ್ಲಾ ರಾಷ್ಟ್ರದ ಆಸ್ತಿ ಅಂತ ಹೆಸರ ಹಿಡದು ಬರದೈತಿ, ಸೆರಾಡೊ ಮತ್ತ ಕಾಟಿಂಗಾ ಹೆಸರ ಆ ಯಾದ್ಯಾಗ ಇಲ್ಲ. 2012ರ ಅರಣ್ಯ ಕಾಯ್ದೆ ನೋಡ್ರಿ, ಅಮೆಜಾನ್ ಕಾಡಿನಾಗ ಹೊಲಾ ಇದ್ದವ ಶೇ 80 ಕಾಡು ಉಳಿಸಬೇಕು, ಅಮೆಜಾನ್ ಆಡಳಿತ ಗಡಿಯೊಳಗಿನ ಸೆರಾಡೊ ಆದ್ರ ಶೇ 35, ಅದರ ಹೊರಗ ಆದ್ರ ಶೇ 20 ಸಾಕು. 2006ರಾಗ ಸೋಯಾ ಕಂಪನಿಗೋಳು ಕೂಡಿ, ಅಮೆಜಾನ್ ಕಡದು ಬೆಳದ ಸೋಯಾ ಖರೀದಿ ಮಾಡಂಗಿಲ್ಲ ಅಂತ ಒಪ್ಪಂದ ಮಾಡ್ಕೊಂಡ್ರು, ಅದೂ ಸೆರಾಡೊಕ್ಕ ಹತ್ತಲಿಲ್ಲ. ಪರಿಣಾಮ ಏನಂದ್ರ 2022ರ ಆಗಸ್ಟ್‌ದಿಂದ 2023ರ ಜುಲೈ ತನಕಾ ಒಂದ್ ವರ್ಷದಾಗ ಅಮೆಜಾನ್‌ದಾಗ ಸುಮಾರು 9 ಸಾವಿರ ಚದರ ಕಿಲೋಮೀಟರ್ ಕಡದ್ರ, ಅದರ ಅರ್ಧಾನೂ ಇಲ್ಲದ ಸೆರಾಡೊದಾಗ 11 ಸಾವಿರ ಹೋತು. ಇದು ಅವರದ ಬಾಹ್ಯಾಕಾಶ ಸಂಸ್ಥೆ ಉಪಗ್ರಹದ ಲೆಕ್ಕ. ಎತ್ತರ ಗಿಡ ಕಡದ್ರ ಜಗತ್ತೆಲ್ಲಾ ಒದರ್ತೈತಿ, ಹುಲ್ಲು ಹೋದ್ರ ಯಾರೂ ಉಸಿರ ಬಿಡಂಗಿಲ್ಲ.

ಇನ್ನ ಕಾಟಿಂಗಾ. ಇದರ ಬಗ್ಗೆ ಓದಿದಾಗ ನನಗ ಇದು ಇಂಡಿ ಚಡಚಣ ಕಡೆ ಮಾತೇನು ಅನಿಸಿ ಬಿಟ್ಟಿತ್ತು. ದೇಶದ ಈಶಾನ್ಯ ಮೂಲ್ಯಾಗ 8.5 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ನಾಕ್ ಪಟ್ಟಿಗಿಂತ ದೊಡ್ಡದು. ಬಹಳಷ್ಟು ಕಡೆ 800 ಮಿಲಿಮೀಟರ್‌ಗಿಂತ ಕಮ್ಮಿ ಮಳಿ, ಅದೂ ಮೂರ್ನಾಕ್ ತಿಂಗಳದಾಗ. ಉಳದ ದಿನ ಗಿಡ ಎಲ್ಲಾ ಎಲಿ ಉದುರಿಸಿ ಒಣಗಿದಾಂಗ ನಿಂತಿರ್ತಾವು, ಮಂಡಕಾರು ಅನ್ನೂ ಕಂಬದಂಥ ಕಳ್ಳಿ ಮಾತ್ರ ಹಸರ. ಒಂದ್ ಹದಾ ಮಳಿ ಬಿತ್ತಂದ್ರ ಕೆಲವ ದಿನದಾಗ ಎಲ್ಲಾ ಚಿಗತು ಬಿಡ್ತೈತಿ. ಉಂಬು ಅಂತ ಒಂದ್ ಗಿಡ ಐತಿ, ಬೇರಿನಾಗ ಗೆಡ್ಡಿ ಮಾಡ್ಕೊಂಡು ಅದರಾಗ ನೀರು ಕೂಡಿಟ್ಟಿರ್ತೈತಿ, ಬರಗಾಲದಾಗ ಆ ಹುಳಿ ಹಣ್ಣ ಆರಿಸಿ ಮಾರಿ ಎಷ್ಟೋ ಹೆಣ್ಣಮಕ್ಕಳು ಮನಿ ನಡಸ್ಯಾರ. ಜುವಾಜೇರೊ ಅಂತ ಇನ್ನೊಂದ್ ಗಿಡ, ಎಂಥಾ ಬ್ಯಾಸಗಿ ಇದ್ರೂ ಹಸರ ಬಿಡಂಗಿಲ್ಲ, ದನಾ ಅದರ ನೆರಳಿಗೆ ಬರ್ತಾವು. ಅದು ಯಾವ ಕುಟುಂಬ ಅಂದ್ರ ನಮ್ಮ ಬಾರಿಹಣ್ಣಿನ ಗಿಡದ ಕುಟುಂಬಾನ. ಅಷ್ಟ ದೂರ ಸಮುದ್ರದಾಚೆಗೆ ನಮ್ಮ ಬಾರಿಗಿಡದ ಬೀಗರು ಅದಾರ ಅಂತ ಹುಡುಗ್ರಿಗೆ ಹೇಳಿದಾಗ ಕಣ್ಣ ಅರಳಿಸಿ ಕೇಳ್ತಾವು.

ಸಂಬಂಧ ಅಷ್ಟಕ್ಕ ಮುಗಿಯಂಗಿಲ್ಲ. 1877ರಾಗ ಎಲ್ ನಿನೊ, ಅಂದ್ರ ಪೆಸಿಫಿಕ್ ಸಮುದ್ರದ ನೀರು ಬಿಸಿ ಆಗಿ ಮಳಿ ಏರುಪೇರು ಆಗೂ ಹೊತ್ತಿನಾಗ, ಆ ಈಶಾನ್ಯ ಬ್ರೆಜಿಲ್‌ದಾಗ 1879ರ ತನಕಾ ಬರ ಬಿದ್ದು ಲಕ್ಷಾನಗಟ್ಟಲೆ ಮಂದಿ ಸತ್ರು. ಅದ ಹೊತ್ತಿಗೆ, 1876ರಿಂದ 78, ನಮ್ಮ ಕಲಾದಗಿ ಜಿಲ್ಲಾದಾಗ ಅಂದ್ರ ಇವತ್ತಿನ ವಿಜಯಪುರ ಬಾಗಲಕೋಟಿ ಸೀಮ್ಯಾಗ ಊರಿಗೂರ ಖಾಲಿ ಆಗಿದ್ವು. ಇನ್ನ ಸಾವ್ ಫ್ರಾನ್ಸಿಸ್ಕೊ ಹೊಳಿ ಕಾಟಿಂಗಾ ನಡುವ ಹರೀತೈತಿ, ಅದಕ್ಕ ಸೊಬ್ರಾದಿನ್ಯೊ ಡ್ಯಾಮ್ ಕಟ್ಟಿದಾಗ 1970ರ ದಶಕದಾಗ ಸುಮಾರು 70 ಸಾವಿರ ಮಂದಿ ಮನಿ ಮಾರು ಬಿಟ್ಟ ಎದ್ದ ಹೋದ್ರು, ರೆಮಾನ್ಸೊ, ಕಾಸಾ ನೋವಾ ಅಂಥ ಪಟ್ಟಣಾನ ಮುಳಗಿದ್ವು. ಆಲಮಟ್ಟಿ ಹಿನ್ನೀರಿನಾಗ ಮನಿ ಕಳಕೊಂಡು ನವನಗರಕ್ಕ ಬಂದ ಬಾಗಲಕೋಟಿ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆ ಹೊಳಿ ನೀರಿನ ಮ್ಯಾಲ ಇವತ್ತ ಪೆಟ್ರೊಲಿನಾ ಅನ್ನೂ ಊರ ಸುತ್ತ ದ್ರಾಕ್ಷಿ, ಮಾವು ಬೆಳದು ಯುರೋಪಿಗೆ ಕಳಸ್ತಾರ. ತಿಕೋಟಾ ಬಬಲೇಶ್ವರ ಕಡೆ ನಮ್ಮ ದ್ರಾಕ್ಷಿ ಬೆಳಗಾರರು ನೋಡಿದ್ರ ತಮ್ಮ ಹೊಲಾನ ಅಂದ್ಕೊಂಡಾರು.

ನನಗ ಎಲ್ಲಕ್ಕಿಂತ ಮನಸಿಗೆ ಹತ್ತಿದ್ದು ಅಲ್ಲಿನ ಕುರಿಗಾರರ ವಿಷಯ. ಬಾಯಿಯಾ ಅನ್ನೂ ರಾಜ್ಯದಾಗ ಊರ ಮಂದಿ ಕೂಡಿ, ಬೇಲಿ ಹಾಕದ, ಕಾಟಿಂಗಾ ಬಯಲಿನಾಗ ಆಡು ಕುರಿ ಮೇಯಿಸೂ ಪದ್ಧತಿ ಐತಿ, ಫುಂಡೊ ಡಿ ಪಾಸ್ಟೊ ಅಂತಾರ, ನಮ್ಮ ಗಾಯರಾಣ ಇದ್ದಾಂಗ. ಆ ರಾಜ್ಯದ 1989ರ ಸಂವಿಧಾನದಾಗ ಈ ಮಂದಿಗೆ ಆ ನೆಲಾ ಬಳಸೂ ಹಕ್ಕು ಕೊಡೂ ಕಲಂ ಹಾಕ್ಯಾರ. ನಮ್ಮಲ್ಲೆ ಗಾಯರಾಣ ಅಂದ್ರ ಯಾರ್ ಬೇಕಾದವರು ಏನ್ ಬೇಕಾದ್ದ ಕಟ್ಟೂ ಜಾಗಾ ಆಗೈತಿ, ಊರ ಸಾಮೂಹಿಕ ಜಮೀನು ಉಳಿಸ್ರಿ ಅಂತ ನಮ್ಮ ಸುಪ್ರೀಂ ಕೋರ್ಟ್ 2011ರಾಗ ಜಗಪಾಲ್ ಸಿಂಗ್ ಕೇಸಿನಾಗ ಎಲ್ಲಾ ರಾಜ್ಯಗಳಿಗೆ ಹೇಳೀದ್ರೂ.

ಅಟ್ಲಾಂಟಿಕ್ ಕಾಡು ಸಮುದ್ರದ ಗುಂಟ ಇದ್ದದ್ದು, ಕಬ್ಬು ಕಾಫಿ ಪಟ್ಟಣ ಅಂತ ಕಡದು ಕಡದು ಎಂಟರಾಗ ಒಂದ್ ಪಾಲು ಉಳದೈತಿ, ನಮ್ಮ ಪಶ್ಚಿಮ ಘಟ್ಟಕ್ಕ ಒಂದ್ ಎಚ್ಚರಿಕಿ. ಪಂಟನಾಲ್ ದೊಡ್ಡ ಜೌಗು ಬಯಲು, 2020ರಾಗ ಅದರ ಕಾಲು ಭಾಗ ಸುಟ್ಟು ಹೋತು. ಪಂಪಾ ದಕ್ಷಿಣದ ಹುಲ್ಲಗಾವಲು. ಇವುನ್ನ ಇಷ್ಟಕ್ಕ ಬಿಡ್ತೀನಿ, ನನ್ನ ಮಾತು ಒಣ ನೆಲದ ಬಗ್ಗೆ.

ನಮ್ಮ ಕಡೆ ಬರೂಣು. ಬೆಳಗಾವಿ ಜಿಲ್ಲಾದ ಖಾನಾಪುರ ತಾಲೂಕಿನ ಕಣಕುಂಬ್ಯಾಗ ಮೂರ್ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳಿ, ಭೀಮಗಡದ ದಟ್ಟ ಕಾಡು, ಮಲಪ್ರಭಾ ಹುಟ್ಟೂದು ಅಲ್ಲೇ. ಅದ ಹೊಳಿ ಗುಂಟ ಮೂಡಲಕ್ಕ ಬಂದ್ರ ಸವದತ್ತಿ, ರಾಮದುರ್ಗ, ಬಾದಾಮಿ, ಕೂಡಲಸಂಗಮ ಅನ್ನೂದ್ರಾಗ ಮಳಿ 600 ಮಿಲಿಮೀಟರ್ ಆಜೂಬಾಜೂ ಬಂದಿರ್ತೈತಿ, ಕಾಡು ಕುಳ್ಳ ಆಗಿ, ಮುಳ್ಳಾಗಿ, ಕಡೀಕ ಹುಲ್ಲಾಗಿರ್ತೈತಿ. ಕಾಡು ಮುಗೀತು ಅಂತ ಅಲ್ಲ, ಬ್ಯಾರೆ ಆತು. 1968ರಾಗ ಚಾಂಪಿಯನ್ ಮತ್ತ ಸೇಠ್ ಅನ್ನೂ ಅರಣ್ಯ ತಜ್ಞರು ಭಾರತದ ಕಾಡನ್ನ 16 ಗುಂಪು ಮಾಡಿದಾಗ ಮುಳ್ಳಗಾಡನ್ನೂ ಒಂದ್ ಗುಂಪು ಅಂತಾನ ಬರದಾರ.

ಆದ್ರ ಈಗಿನ ಲೆಕ್ಕ ಹೆಂಗೈತಿ ಅಂದ್ರ, ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವರು ಒಂದ್ ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಾಗ ಗಿಡದ ನೆತ್ತಿ ಶೇ 10 ಮುಚ್ಚಿದ್ರ ಅರಣ್ಯ ಹೊದಿಕಿ ಅಂತ ಹಿಡೀತಾರ, ಮಾವಿನ ತ್ವಾಟಾನೂ ಅದರಾಗ ಬರ್ತೈತಿ, ನಮ್ಮ ಕರಡ ಹುಲ್ಲಿನ ಮಡ್ಡಿ ಬರಂಗಿಲ್ಲ. ಹಿಂಗಾಗಿ ವಿಜಯಪುರ ಜಿಲ್ಲಾದ ಅರಣ್ಯ ಹೊದಿಕಿ ಶೇ 1ಕ್ಕಿಂತ ಕಮ್ಮಿ ಅಂತ ಪ್ರತಿ ಸಲ ಪೇಪರ್‌ದಾಗ ಬರ್ತೈತಿ, ಅಯ್ಯಯ್ಯೋ ಅಂತ ಎಲ್ಲಾರೂ ಸಸಿ ಹಿಡಕೊಂಡ ಓಡ್ತಾರ. ಇನ್ನೊಂದ್ ಕಡೆ ಕೇಂದ್ರ ಸರ್ಕಾರದ ಪಾಳುಭೂಮಿ ನಕಾಶಿ, 2019ರಾಗ ಬಂದದ್ದು, ಕುರುಚಲು ಇದ್ದ ನೆಲಾನೆಲ್ಲಾ ಪಾಳು ಅಂತಾನ ತೋರಸ್ತೈತಿ. ಕಾಡಿನ ಲೆಕ್ಕದಾಗೂ ಇಲ್ಲ, ಬೆಳಿ ಲೆಕ್ಕದಾಗೂ ಇಲ್ಲ, ಅಂದ ಮ್ಯಾಲ ಆ ನೆಲಾ ಸೋಲಾರ್‌ಗೆ ಕೊಡ್ರಿ, ಕ್ರಷರ್‌ಗೆ ಕೊಡ್ರಿ, ಇಲ್ಲಾಂದ್ರ ಜೆಸಿಬಿ ತಂದು ಗುಂಡಿ ತೋಡಿ ನೆಡತೋಪು ಮಾಡ್ರಿ, ಕೇಳವರಿಲ್ಲ.

ನೆಡತೋಪಿನ ಬಗ್ಗೆ ನನ್ನ ಸಂಕಟ ಇಲ್ಲೇ ಐತಿ. ಮಾಡವರ ಮನಸ ಒಳ್ಳೇದ ಐತಿ. ಆದ್ರ ಗರಸು ಮಣ್ಣಿನ ಮಡ್ಡಿ ಮ್ಯಾಲ ನೂರಾರು ವರ್ಷದಿಂದ ಕೂತ ಹುಲ್ಲಿನ ಬೇರು ಕಿತ್ತು, ಉದ್ದಾನುದ್ದ ಟ್ರೆಂಚ್ ಹೊಡದು, ಒಂದ ಜಾತಿ ಸಸಿ ಹಚ್ತಾರ. ಸುತ್ತ ಬೇಲಿ, ಕುರಿ ಬರಂಗಿಲ್ಲ. ಎರಡ್ ಬ್ಯಾಸಗಿ ನೀರಿಲ್ಲದ ಸಸಿ ಒಣಗಿ ಹೋಗ್ತಾವು, ಕೆದರಿದ ಮಣ್ಣಿನಾಗ ಬಳ್ಳಾರಿ ಜಾಲಿ ಎದ್ದ ನಿಲ್ತೈತಿ. ಹುಲ್ಲೂ ಹೋತು, ಕಾಡೂ ಬರಲಿಲ್ಲ. ಸಸಿ ಬದುಕಿದ್ರೂ, ಹುಲ್ಲಿನ ನೆಲಕ್ಕ ದಟ್ಟ ಗಿಡ ಹಚ್ಚಿದ್ರ ನೆಲದ ನೀರು ಅವ ಕುಡದು ಹಳ್ಳದಾಗ ಹರಿಯೂ ನೀರು ಕಮ್ಮಿ ಆಗ್ತೈತಿ ಅನ್ನೂದು ಹಲವು ದೇಶದಾಗ ಅಳತಿ ಮಾಡಿ ನೋಡಿದ ಸಂಗತಿ. ಈ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು, ಅದನ್ನ ಬರಗಾಲಕ್ಕ ಮೇವು ಆಗ್ತೈತಿ ಅಂತ ಕಾಟಿಂಗಾಕ್ಕೂ 1940ರ ದಶಕದಾಗ ತಂದ್ರು, ಅಲ್ಲೂ ಹಳ್ಳದ ದಂಡಿ ಎಲ್ಲಾ ಅದ ನುಂಗಿ ಅಲ್ಲಿನ ಮೂಲ ಗಿಡ ಹಿಂದ ಬಿದ್ದಾವು.

ಮಡ್ಡ್ಯಾಗ ಏನೈತಿ ಅಂತ ಕೇಳವರಿಗೆ ಹೇಳ್ತೀನಿ. ಬಾರಿ, ಕವಳಿ, ಬನ್ನಿ, ತಂಗಡಿ, ಕಾರಿ, ಲಕ್ಕಿ, ಕಳ್ಳಿ, ಮತ್ತ ಹುಲ್ಲು, ಹೆಸರ ಗೊತ್ತಿರೂ ಕುರಿಗಾರ ಮುದುಕರು ಒಂದೊಂದ ಎತ್ತಿ ತೋರಸ್ತಾರ. ತೋಳ, ನರಿ, ಚಿಗರಿ, ಮೊಲ, ಉಡಾ, ಕೌಜುಗ. ಬಾಗಲಕೋಟಿ ಜಿಲ್ಲಾ ಯಡಹಳ್ಳಿ ಒಳಗ ಚಿಂಕಾರ ಅನ್ನೂ ಹುಲ್ಲೆ ಅದಾವಂತ 2016ರಾಗ ವನ್ಯಧಾಮ ಮಾಡ್ಯಾರ, ಕೊಪ್ಪಳ ಜಿಲ್ಲಾದ ಬಂಕಾಪುರದಾಗ ತೋಳಕ್ಕಂತಾನ ವನ್ಯಧಾಮ ಆಗೈತಿ, ಅಂದ್ರ ಮಾಡಬೇಕಂದ್ರ ನಮ್ಮವರಿಗೂ ಬರ್ತೈತಿ. ಆದ್ರ ಎರೆಭೂತ ಹಕ್ಕಿ ನೋಡ್ರಿ, ಹುಲ್ಲಿನ ಬಯಲು ನಂಬಿದ ದೊಡ್ಡ ಹಕ್ಕಿ, ಇಡೀ ದೇಶದಾಗ ಇನ್ನೂರರ ಒಳಗ ಉಳದಾವು, ಕರ್ನಾಟಕದಾಗ ಸಿರಗುಪ್ಪ ಕಡೆ ಎಲ್ಲೋ ಬೆರಳೆಣಿಕಿ. ಕಾಟಿಂಗಾದಾಗ ನೀಲಿ ಬಣ್ಣದ ಸ್ಪಿಕ್ಸ್ ಗಿಣಿ ಅಂತ ಇತ್ತು, ಕಡೇದೊಂದು ಗಂಡು ಗಿಣಿ ಹತ್ತ್ ವರ್ಷ ಒಂದ ಹಾರಾಡಿ 2000ರಾಗ ಕಾಣದಂಗ ಆತು, ಆಮ್ಯಾಲ ಪಂಜರದಾಗ ಸಾಕಿದ್ದನ್ನ ಜರ್ಮನಿಯಿಂದ ವಿಮಾನದಾಗ ತಂದು 2022ರಾಗ ಕುರಾಸಾ ಅನ್ನೂ ಊರ ಕಡೆ ಹಾರಿಸಿ ಬಿಟ್ರು. ಅಷ್ಟ ಖರ್ಚು, ಅಷ್ಟ ಕಣ್ಣೀರು. ಇದ್ದಾಗ ಹಳ್ಳದ ದಂಡಿ ಗಿಡ ಉಳಿಸಿದ್ರ ಸಾಕಾಗಿತ್ತು.

ಮತ್ತ ಮಂದಿ. ಮಡ್ಡಿ ಹೋದ್ರ ಹಾಲುಮತದ ಕುರಿಗಾರರು ಎಲ್ಲಿಗೆ ಹೋಗಬೇಕು? ಎರಿ ಹೊಲದಾಗ ಬೆಳಿ ನಿಂತಾಗ ಕುರಿ ಮೇಯೂದು ಈ ಮಡ್ಡ್ಯಾಗ, ಸುಗ್ಗಿ ಮುಗದ ಮ್ಯಾಲ ಅದ ಕುರಿ ಹೊಲದಾಗ ತರಬಿಸಿ ಗೊಬ್ಬರ ಮಾಡ್ಕೊಳ್ಳೂದು ನಾವು ಒಕ್ಕಲಿಗರು. ಒಂದ್ ಕಡೆ ಬೇಲಿ ಹಾಕಿದ್ರ ಎರಡ್ ಕಡೆ ಪೆಟ್ಟ ಬೀಳ್ತೈತಿ, ಇದು ಯಾವ ಫೈಲಿನಾಗೂ ಇರಂಗಿಲ್ಲ.

ಗಿಡ ಹಚ್ಚಬ್ಯಾಡ್ರಿ ಅಂತ ನಾ ಅನ್ನಾಕತ್ತಿಲ್ಲ. ರೋಡ್ ಬಾಜೂಕ ಹಚ್ರಿ, ಸಾಲಿ ಆವಾರದಾಗ ಹಚ್ರಿ, ಹೊಲದ ಬದುವಿಗೆ, ಕೆನಾಲ್ ಗುಂಟ, ವಿಜಯಪುರ ಪ್ಯಾಟ್ಯಾಗ ಓಣಿ ಓಣಿಗೆ ಬೇವು, ಹುಲಗಲಿ, ಹುಣಸಿ ಹಚ್ರಿ, 42 ಡಿಗ್ರಿ ಬಿಸಲಿನಾಗ ನೆರಳ ಯಾರಿಗೆ ಬ್ಯಾಡ. ಮಡ್ಡಿ ಮ್ಯಾಲ ಖರ್ಚ ಮಾಡೂ ರೊಕ್ಕ ಇದ್ರ ಅಲ್ಲಿ ಬಳ್ಳಾರಿ ಜಾಲಿ ಬೇರ ಸಮೇತ ಕೀಳಸ್ರಿ, ಕೂಲಿ ಕೆಲಸಾನೂ ಆಗ್ತೈತಿ, ಹುಲ್ಲೂ ಬರ್ತೈತಿ. ಗುಂಡಿ ತೋಡೂ ಮೊದ್ಲ ಗ್ರಾಮಸಭಾದಾಗ ಕುರಿಗಾರರನ್ನ ಕರದು ಕೇಳ್ರಿ. ಜಿಲ್ಲಾದಾಗ ಹುಲ್ಲಗಾವಲು ಎಲ್ಲೆಲ್ಲಿ ಐತಿ ಅಂತ ಅರಣ್ಯ, ಕಂದಾಯ, ಪಶುಸಂಗೋಪನಾ ಮೂರೂ ಇಲಾಖೆ ಕೂಡಿ ಒಂದ್ ನಕಾಶಿ ಮಾಡಲಿ, ಅದು ಪಾಳು ಅಲ್ಲದ ನಕಾಶಿ ಆಗಲಿ.

ನಿಮಗೂ ಒಂದ್ ವಿನಂತಿ ಐತಿ ಸಂಪಾದಕರ. ಪ್ರತಿ ವರ್ಷ ಜೂನ್ 5ಕ್ಕ ನಿಮ್ಮ ಪೇಪರ್‌ದಾಗ ಸಸಿ ಹಚ್ಚೂ ಫೋಟೋ ಪುಟಗಟ್ಟಲೆ ಬರ್ತಾವು. ಈ ಸಲ ಫೋಟೋ ಕೆಳಗ ಒಂದ್ ಸಾಲು ಜಾಸ್ತಿ ಬರೀರಿ, ಈ ಜಾಗದಾಗ ಮೊದ್ಲ ಏನ್ ಬೆಳದಿತ್ತು, ಯಾರ ಕುರಿ ದನಾ ಮೇಯ್ತಿದ್ವು ಅಂತ. ವರದಿಗಾರರನ್ನ ಮಡ್ಡಿ ನೋಡಾಕ ಕಳಸೂದಿದ್ರ ಎಪ್ರಿಲ್ ಮೇದಾಗ ಕಳಸಬ್ಯಾಡ್ರಿ, ಆಗಸ್ಟ್ ಕಡೀಕ ಕಳಸ್ರಿ, ಎರಡ್ ಹದಾ ಮಳಿ ಆಗಿರ್ತೈತಿ, ನಾನೂ ನಮ್ಮೂರ ಕುರಿಗಾರ ಹಿರಿಯರೂ ಕೂಡಿ ಅಡ್ಡಾಡಿ ತೋರಸ್ತೀವಿ.

ಇಂತಿ ನಿಮ್ಮ ಓದುಗ,
ಹೈಸ್ಕೂಲ್ ಶಿಕ್ಷಕ, ಸಿಂದಗಿ ತಾಲೂಕು, ವಿಜಯಪುರ ಜಿಲ್ಲೆ